ಉಳಿಸುವುದು ಬೇರೆ, ಕಳಿಸುವುದು ಬೇರೆ

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲು ಮುಗಿಯುವಲ್ಲಿ, ಅಜ್ಜ ಅಜ್ಜಿಯರ ಮದುವೆಯ ಕಾಲದ ಒಂದು ಫೋಟೋ. ಅಜ್ಜ ಈಗ ಇಲ್ಲ. ಅವರ ಯೌವನದ ಚಿತ್ರವೆಂದು ಆ ಮನೆಯಲ್ಲಿರುವುದು ಅದೊಂದೇ. ಅರವತ್ತು ಮಳೆಗಾಲಗಳ ತೇವಕ್ಕೆ ಮೂಲೆಗಳು ಬೂಷ್ಟು ಹಿಡಿದಿವೆ. ಅಜ್ಜಿಯ ಸೀರೆಯ ಸೆರಗಿನ ಮೇಲೆ ಒಂದು ಬಿರುಕು ಹರಿದಿದೆ. ಮೊಮ್ಮಗನಿಗೆ ಕಂಪ್ಯೂಟರಿನ ಕೆಲಸ ಗೊತ್ತು. ಆತ ಒಂದು ರಜೆಯ ದಿನ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ಸ್ಕ್ಯಾನರಿನ ಗಾಜಿನ ಮೇಲಿಟ್ಟು, ಅದರ ಪ್ರತಿರೂಪವನ್ನು ಕಂಪ್ಯೂಟರಿಗೆ ತಂದುಕೊಂಡ. ಎರಡು ರಾತ್ರಿ ಕುಳಿತು ಬಿರುಕನ್ನು ಮುಚ್ಚಿದ, ಬೂಷ್ಟನ್ನು ಅಳಿಸಿದ, ಮಾಸಿಹೋಗಿದ್ದ ಅಜ್ಜನ ಮೀಸೆಗೆ ಮತ್ತೆ ಕಪ್ಪು ತಂದ.

ಬಂಧುಗಳೆಲ್ಲ ನೋಡಲೆಂದು ಚಿತ್ರವನ್ನು ಚಿಕ್ಕದು ಮಾಡಿದ, 'ಸೇವ್' ಎಂಬ ಆಜ್ಞೆಯನ್ನು ಒತ್ತಿದ, ವಾಟ್ಸ್ಯಾಪಿನಲ್ಲಿ ಕಳಿಸಿದ. ದೂರದ ಊರಿನಲ್ಲಿರುವ ಸೋದರತ್ತೆ ಅದನ್ನು ನೋಡಿ ಕಣ್ಣೀರು ಹಾಕಿದರು. ಫೋಟೋ ಮತ್ತೆ ಗೋಡೆಗೇರಿತು. ಎಲ್ಲರಿಗೂ ಸಮಾಧಾನವಾಯಿತು.

ಮರುವರ್ಷ ಅಜ್ಜಿಗೆ ಎಂಬತ್ತು ತುಂಬುವ ದಿನ ಬಂತು. ಅಷ್ಟರಲ್ಲಿ ಗೋಡೆಯ ಫೋಟೋ ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದಾಗ ಮುಖದ ಭಾಗವೇ ಕಿತ್ತು ಬಂದಿತ್ತು. ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಮೊಮ್ಮಗ ಸ್ಟುಡಿಯೋಗೆ ಹೋದ. 18 ಅಂಗುಲ ಅಗಲದ ಪಟ ಬೇಕೆಂದ. ಸ್ಟುಡಿಯೋದವರು ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿ ತಲೆಯಾಡಿಸಿದರು. "ಇಷ್ಟು ದೊಡ್ಡದು ಮಾಡಿದರೆ ಮುಖ ನಿಲ್ಲುವುದಿಲ್ಲ, ಚೌಕ ಚೌಕವಾಗಿ ಒಡೆಯುತ್ತದೆ. ದೊಡ್ಡ ಫೈಲು ಇದ್ದರೆ ತನ್ನಿ" ಎಂದರು. ದೊಡ್ಡ ಫೈಲು ಇರಲಿಲ್ಲ.

ಎಲ್ಲಿ ತಪ್ಪಿತು? ಸ್ಕ್ಯಾನಿನಲ್ಲಿ ತಪ್ಪಿರಲಿಲ್ಲ. 6 ಅಂಗುಲ ಅಗಲ, 4 ಅಂಗುಲ ಎತ್ತರದ ಆ ಫೋಟೋವನ್ನು ಆತ ಅಂಗುಲಕ್ಕೆ 600 ಬಿಂದುಗಳಂತೆ ಓದಿಸಿದ್ದ. ಅಗಲಕ್ಕೆ 3,600, ಎತ್ತರಕ್ಕೆ 2,400, ಒಟ್ಟು 86 ಲಕ್ಷದ 40 ಸಾವಿರ ಬಿಂದುಗಳು ಅದರಲ್ಲಿದ್ದವು. ಪಿಕ್ಸೆಲ್ ಎಂಬುದು ಈ ಬಿಂದುವಿನ ಹೆಸರೇ. ಚಿಕ್ಕದು ಮಾಡಿದಾಗ ಉಳಿದದ್ದು ಅಗಲಕ್ಕೆ 800, ಎತ್ತರಕ್ಕೆ 533. ಒಟ್ಟು 4 ಲಕ್ಷದ 26 ಸಾವಿರ ಮಾತ್ರ. ಇಪ್ಪತ್ತರಲ್ಲಿ ಒಂದು ಪಾಲು! ಆ ಚಿಕ್ಕದನ್ನು ದೊಡ್ಡದರ ಹೆಸರಿನಲ್ಲಿಯೇ, ದೊಡ್ಡದರ ಜಾಗದಲ್ಲಿಯೇ ಬರೆದುಬಿಟ್ಟದ್ದು ತಪ್ಪಾಯಿತು. ಕಳಿಸಬೇಕಾದದ್ದನ್ನು ಉಳಿಸಿದ, ಉಳಿಸಬೇಕಾದದ್ದನ್ನು ಕಳೆದುಕೊಂಡ.

ನೆಗೆಟಿವ್ ಮತ್ತು ಪ್ರತಿ

ಹಿಂದಿನ ಕಾಲದ ಸ್ಟುಡಿಯೋಗಳನ್ನು ಕಂಡವರಿಗೆ ಈ ವಿಷಯವನ್ನು ತಿಳಿಸುವುದು ಕಷ್ಟವಲ್ಲ. ಅಲ್ಲಿ ಚಿತ್ರ ತೆಗೆಸಿಕೊಂಡವರ ಕೈಗೆ ಬರುತ್ತಿದ್ದುದು ಕಾಗದದ ಪ್ರತಿ. ನೆಗೆಟಿವ್ ಒಂದು ಲಕೋಟೆಯೊಳಗೆ, ನಂಬರು ಬರೆಸಿಕೊಂಡು, ಸ್ಟುಡಿಯೋದ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಪ್ರತಿ ಹರಿದರೆ ನಂಬರು ಹೇಳಿ ಇನ್ನೊಂದನ್ನು ಮಾಡಿಸಿಕೊಳ್ಳಬಹುದಾಗಿತ್ತು. ಪಾಸ್‌ಪೋರ್ಟಿಗೆ ಚಿಕ್ಕದು, ಹೆಣ್ಣಿನ ಕಡೆಯವರಿಗೆ ಕಳಿಸಲು ಮಧ್ಯಮದ್ದು, ಗೋಡೆಗೆ ದೊಡ್ಡದು, ಎಲ್ಲವೂ ಒಂದೇ ನೆಗೆಟಿವಿನಿಂದ ಬರುತ್ತಿದ್ದವು. ನೆಗೆಟಿವನ್ನೇ ಕತ್ತರಿಸಿ ಪಾಸ್‌ಪೋರ್ಟಿನ ಅಳತೆಗೆ ತರುವ ಹುಚ್ಚು ಕೆಲಸವನ್ನು ಯಾವ ಸ್ಟುಡಿಯೋದವರೂ ಮಾಡುತ್ತಿರಲಿಲ್ಲ.

ಚಿತ್ರ ತಿದ್ದುವ ಕಂಪ್ಯೂಟರ್ ತಂತ್ರಾಂಶಗಳಲ್ಲಿ 'ಸೇವ್' ಎಂಬುದು ನೆಗೆಟಿವನ್ನು ಲಕೋಟೆಯಲ್ಲಿಡುವ ಕೆಲಸ. 'ಎಕ್ಸ್‌ಪೋರ್ಟ್' ಎಂಬುದು ಅದರಿಂದ ಪ್ರತಿ ಮಾಡಿಕೊಡುವ ಕೆಲಸ. ಮೊದಲನೆಯದರಲ್ಲಿ ಏನನ್ನೂ ಬಿಡಬಾರದು. ಎರಡನೆಯದರಲ್ಲಿ ಹೋಗುವ ಊರಿಗೆ ತಕ್ಕಂತೆ ಕೆಲವನ್ನು ಬಿಡಲೇಬೇಕಾಗುತ್ತದೆ.

ಬಿಡದೆ ಇಡಬೇಕಾದುದು ಏನು ಎಂಬ ಪ್ರಶ್ನೆ ಬರಬಹುದು. ಇಂಥ ತಂತ್ರಾಂಶಗಳಲ್ಲಿ ಕೆಲಸ ಪದರ ಪದರವಾಗಿ ನಡೆಯುತ್ತದೆ. ಮೂಲ ಚಿತ್ರ ತಳದ ಪದರ. ಬಿರುಕು ಮುಚ್ಚಿದ ಬಣ್ಣ ಅದರ ಮೇಲಿನದು. ಕಪ್ಪುಬಿಳುಪಿನ ತಿದ್ದುಪಡಿ ಇನ್ನೊಂದು. ಕೆಳಗೆ ಬರೆದ ಹೆಸರು, ತಾರೀಖು ಮತ್ತೊಂದು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮೇಲಿನಿಂದ ನೋಡಿದಂತೆ ಎಲ್ಲವೂ ಸೇರಿ ಒಂದೇ ಚಿತ್ರವಾಗಿ ಕಾಣುತ್ತವೆ. ತಂತ್ರಾಂಶದ ಸ್ವಂತ ರೂಪದಲ್ಲಿ ಉಳಿಸಿದರೆ, ಫೋಟೋಶಾಪಿನಲ್ಲಿ ಪಿಎಸ್‌ಡಿ, ಜಿಂಪ್‌ನಲ್ಲಿ ಎಕ್ಸ್‌ಸಿಎಫ್, ಆ ಹಾಳೆಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ನಾಳೆ ತಾರೀಖು ತಪ್ಪೆಂದು ತಿಳಿದರೆ ಆ ಒಂದು ಹಾಳೆಯನ್ನೇ ತೆಗೆದು ತಿದ್ದಬಹುದು. ಜೆಪೆಗ್ ರೂಪದಲ್ಲಿ ಹೊರಕಳಿಸಿದ ಪ್ರತಿಯಲ್ಲಾದರೋ ಹಾಳೆಗಳೆಲ್ಲ ಕರಗಿ ಒಂದೇ ಆಗಿರುತ್ತವೆ. ತಾರೀಖಿನ ಕೆಳಗಿದ್ದ ಸೆರಗಿನ ಭಾಗ ಇನ್ನು ಸಿಗದು. ಹಿಟ್ಟು ದೋಸೆಯಾದೀತು, ದೋಸೆ ಮತ್ತೆ ಹಿಟ್ಟಾಗದು.

ಒಂದು ತಂತ್ರಾಂಶದ ಹಠ

ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಇಡಬೇಕೆಂದು ಹಠ ಹಿಡಿದ ತಂತ್ರಾಂಶವೊಂದರ ಕಥೆ ಇಲ್ಲಿ ನೆನೆಯತಕ್ಕದ್ದು. ಅದೇ ಜಿಂಪ್. ಅಮೆರಿಕದ ಬರ್ಕಲಿಯ ವಿಶ್ವವಿದ್ಯಾನಿಲಯದಲ್ಲಿ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೈಗೊಂಡ ಕೆಲಸ 1996ರಲ್ಲಿ ಸಾರ್ವಜನಿಕರ ಬಳಕೆಗೆ ಬಂತು. ಇಂದಿಗೂ ಅದು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದಾದ ತಂತ್ರಾಂಶ. ಆ ವಿದ್ಯಾರ್ಥಿಗಳಿದ್ದ ಕೂಟದ ಹೆಸರಿನ ಮೊದಲಕ್ಷರಗಳೇ ಎಕ್ಸ್‌ಸಿಎಫ್ ಎಂದು ಅದರ ಫೈಲುಗಳಿಗೆ ಅಂಟಿಕೊಂಡಿವೆ.

2012ರವರೆಗೆ ಜಿಂಪ್‌ನಲ್ಲಿ 'ಸೇವ್' ಒತ್ತಿ ಯಾವ ರೂಪದಲ್ಲಿ ಬೇಕಾದರೂ ಚಿತ್ರವನ್ನು ಬರೆಯಬಹುದಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಬಂದ 2.8ನೆಯ ಆವೃತ್ತಿ ಈ ಪದ್ಧತಿಯನ್ನು ಬದಲಿಸಿತು. 'ಸೇವ್' ಎಂದರೆ ಎಕ್ಸ್‌ಸಿಎಫ್ ರೂಪ ಮಾತ್ರ. ಜೆಪೆಗ್, ಪಿಎನ್‌ಜಿ ಮುಂತಾದವು ಬೇಕಾದರೆ 'ಎಕ್ಸ್‌ಪೋರ್ಟ್' ಎಂಬ ಬೇರೆ ಬಾಗಿಲಿನಿಂದಲೇ ಹೋಗಬೇಕು. ಚಿತ್ರವನ್ನು ಹೊರಕಳಿಸಿ, ಮೂಲವನ್ನು ಉಳಿಸದೆ ಮುಚ್ಚಲು ಹೋದರೆ ತಂತ್ರಾಂಶ ತಡೆದು ಎಚ್ಚರಿಸುತ್ತದೆ. ಬಳಕೆದಾರರಲ್ಲಿ ಅನೇಕರು ಇದರಿಂದ ರೇಗಿದರು. ಒಂದು ಚಿತ್ರದ ಅಂಚು ಕತ್ತರಿಸುವ ಸಣ್ಣ ಕೆಲಸಕ್ಕೆ ಇಷ್ಟು ಉಪದೇಶವೇಕೆ ಎಂಬುದು ಅವರ ಆಕ್ಷೇಪಣೆ. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ತಂತ್ರಾಂಶವೂ ಅದಕ್ಕಾಗಿ ಮೂಲದ ಮೇಲೆಯೇ ಬರೆಯುವ 'ಓವರ್‌ರೈಟ್' ಎಂಬ ಆಜ್ಞೆಯನ್ನು ಒದಗಿಸಿದೆ. ಆದರೆ ಆ ಆಜ್ಞೆಯ ಹೆಸರನ್ನು ಓದಿದವನು ತಾನು ಏನು ಮಾಡುತ್ತಿದ್ದೇನೆಂದು ಅರಿತೇ ಮಾಡುತ್ತಾನೆ. 'ಸೇವ್' ಎಂಬ ಸೌಮ್ಯವಾದ ಹೆಸರಿನ ಹಿಂದೆ ಮೂಲವನ್ನು ಅಳಿಸುವ ಕೆಲಸ ಅಡಗಿರುವುದಿಲ್ಲ.

ಬೇರೆಯವರೂ ಇದೇ ದಾರಿಗೆ ಬಂದಿದ್ದಾರೆ. 2007ರಲ್ಲಿ ಬಂದ ಲೈಟ್‌ರೂಮ್ ಎಂಬ ತಂತ್ರಾಂಶ ಮೂಲ ಚಿತ್ರದ ಬಿಂದುಗಳನ್ನು ಮುಟ್ಟುವುದೇ ಇಲ್ಲ. ಮಾಡಿದ ತಿದ್ದುಪಡಿಗಳನ್ನು ಸೂಚನೆಗಳಾಗಿ ಬೇರೆ ಕಡೆ ಬರೆದಿಟ್ಟುಕೊಂಡು, ಎಕ್ಸ್‌ಪೋರ್ಟ್ ಮಾಡುವಾಗ ಅವನ್ನು ಅನ್ವಯಿಸಿ ಹೊಸ ಪ್ರತಿಯನ್ನು ಕೊಡುತ್ತದೆ. ಫೋಟೋಶಾಪಿನಲ್ಲಿಯೂ 2021ರಲ್ಲಿ 'ಸೇವ್ ಎ ಕಾಪಿ' ಎಂಬ ಪ್ರತ್ಯೇಕ ಆಜ್ಞೆ ಸೇರಿತು. ಫೋನಿನಲ್ಲಿ ಚಿತ್ರ ತಿದ್ದುವವರು ಕೂಡ ಈ ವ್ಯತ್ಯಾಸವನ್ನು ಗಮನಿಸುವುದೊಳ್ಳೆಯದು. 'ಸೇವ್' ಒತ್ತಿದರೆ ಕೆಲವು ಕಡೆ ಮೂಲದ ಜಾಗದಲ್ಲಿಯೇ ಬರಹ ನಡೆಯುತ್ತದೆ. 'ಸೇವ್ ಕಾಪಿ' ಎಂದರೆ ಪಕ್ಕದಲ್ಲಿ ಹೊಸದೊಂದು ಹುಟ್ಟುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿದವರ ಗಣಿತ

ಕಳಿಸುವ ಪ್ರತಿಗಳಲ್ಲಿ ಬಹುಪಾಲು ಜೆಪೆಗ್ ರೂಪದವು. ಅದರ ಒಳಗುಟ್ಟನ್ನು ತಿಳಿದರೆ, ಕಳಿಸುವಾಗ ಏನು ಕಳೆಯುತ್ತದೆ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಆ ಒಳಗುಟ್ಟಿನ ಗಣಿತವನ್ನು ಕೊಟ್ಟವರಲ್ಲಿ ಮೊದಲಿಗರು ಬೆಂಗಳೂರಿನಲ್ಲಿ ಹುಟ್ಟಿದವರೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಅನಂತರ ಅಮೆರಿಕಕ್ಕೆ ತೆರಳಿ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಗಳಿಸಿ, ಮುಂದೆ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಚಿತ್ರಗಳ ಲೆಕ್ಕವನ್ನು ಕಿರಿದಾಗಿಸುವ ಒಂದು ಹೊಸ ವಿಧಾನ ಅವರಿಗೆ ಹೊಳೆಯಿತು. 1972ರಲ್ಲಿ ಅದರ ಅಧ್ಯಯನಕ್ಕೆ ನೆರವು ಕೋರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದುಕೊಂಡರು. ನೆರವು ದೊರೆಯಲಿಲ್ಲ. ಅಹ್ಮದರು ಕೈಬಿಡಲಿಲ್ಲ, ಮರುವರ್ಷದ ಬೇಸಿಗೆಯಲ್ಲಿ ಆ ಕೆಲಸಕ್ಕೇ ಕುಳಿತರು. ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬುದು ಅದರ ಹೆಸರು. ಛಾಯಾಚಿತ್ರಗಳಿಗೆ ಒಂದು ಸಮಾನ ರೂಪವನ್ನು ಗೊತ್ತುಮಾಡಲು 1986ರಲ್ಲಿ ಕೂಡಿದ ತಜ್ಞರ ಸಮಿತಿ ಈ ಗಣಿತವನ್ನೇ ಅಡಿಪಾಯವಾಗಿ ಆರಿಸಿಕೊಂಡಿತು. 1992ರಲ್ಲಿ ಜೆಪೆಗ್ ಲೋಕಮಾನ್ಯವಾಯಿತು. ಸಮಿತಿಯ ಹೆಸರಿನ ಮೊದಲಕ್ಷರಗಳೇ ರೂಪದ ಹೆಸರಾಗಿ ನಿಂತಿವೆ.

ಅದರ ಕೆಲಸ ನಡೆಯುವ ಬಗೆ ಹೀಗೆ. ಮೊದಲು ಚಿತ್ರವನ್ನು ಬೆಳಕಿನ ಲೆಕ್ಕ, ಬಣ್ಣದ ಲೆಕ್ಕ ಎಂದು ಬೇರ್ಪಡಿಸುತ್ತದೆ. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಕಾಣುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಕಾಣದು. ಆದುದರಿಂದ ಬಣ್ಣದ ವಿವರವನ್ನು ಅನೇಕ ವೇಳೆ ಮೊದಲೇ ಕಡಿಮೆ ಮಾಡುವುದುಂಟು. ಆಮೇಲೆ ಇಡೀ ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಪುಟ್ಟ ಚೌಕಗಳಾಗಿ ಕೊಯ್ಯುತ್ತದೆ. ಒಂದೊಂದು ಚೌಕದ 64 ಬಿಂದುಗಳನ್ನು ಅಹ್ಮದರ ಗಣಿತ 64 ಅಲೆಗಳ ಪ್ರಮಾಣಗಳಾಗಿ ಮಾರ್ಪಡಿಸುತ್ತದೆ. ಚೌಕದ ಒಟ್ಟು ಬೆಳಕು ಎಷ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಏರುವುದೆಷ್ಟು, ಕೂದಲೆಳೆಯಂತೆ ಸಣ್ಣಗೆ ಏರಿಳಿಯುವುದೆಷ್ಟು ಎಂದು ಬಿಡಿಸಿ ಹೇಳುತ್ತದೆ.

ಇಷ್ಟರವರೆಗೆ ನಷ್ಟ ಹೆಚ್ಚಿಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಕಣ್ಣಿಗೆ ಅಷ್ಟಾಗಿ ತೋರದ ಸಣ್ಣ ಅಲೆಗಳ ಲೆಕ್ಕವನ್ನು ಮೊಟಕು ಮಾಡಲಾಗುತ್ತದೆ. ಮನೆಯ ಖರ್ಚಿನ ಪುಸ್ತಕದಲ್ಲಿ ಪೈಸೆಗಳನ್ನು ಬಿಟ್ಟು ರೂಪಾಯಿಗಳನ್ನಷ್ಟೇ ಬರೆದಂತೆ. ಅರ್ಧ ರೂಪಾಯಿಗಿಂತ ಕಡಿಮೆಯದು ಸೊನ್ನೆಯಾಗಿಬಿಡುತ್ತದೆ. ಹೀಗೆ ಹುಟ್ಟಿದ ಸೊನ್ನೆಗಳ ಸಾಲನ್ನು ಬಹಳ ಕಿರಿದಾಗಿ ಬರೆದಿಡಬಹುದು. 6,000ಕ್ಕೆ 4,000 ಬಿಂದುಗಳಿರುವ ಒಂದು ಚಿತ್ರಕ್ಕೆ, ಬಿಂದುವೊಂದಕ್ಕೆ ಮೂರು ಬೈಟಿನಂತೆ, 7 ಕೋಟಿ 20 ಲಕ್ಷ ಬೈಟುಗಳ ಜಾಗ ಬೇಕು. ಜೆಪೆಗ್ ಅದನ್ನು ಅದರ ಹತ್ತನೆಯ ಒಂದು ಪಾಲಿಗೆ ತಂದರೂ ಸಾಮಾನ್ಯ ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಪೈಸೆಗಳನ್ನು ಬಿಟ್ಟು ಬರೆದ ಲೆಕ್ಕ ದಿನದ ವ್ಯವಹಾರಕ್ಕೆ ಸಾಕು. ಆದರೆ ಬಿಟ್ಟ ಪೈಸೆಗಳನ್ನು ಆ ಪುಸ್ತಕದಿಂದಲೇ ಮತ್ತೆ ಹುಡುಕಿ ತೆಗೆಯಲು ಬರುವುದಿಲ್ಲ.

ಆದುದರಿಂದಲೇ ಒಂದು ಜೆಪೆಗ್ ಪ್ರತಿಯನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಬರೆದು, ನಾಳೆ ಅದನ್ನೇ ತೆರೆದು ಮತ್ತೆ ಬರೆಯುತ್ತ ಹೋದರೆ ಚಿತ್ರ ಸವೆಯುತ್ತದೆ. ಮುಖದ ಮೇಲೆ ಚೌಕಗಳ ನೆರಳು ಮೂಡುತ್ತದೆ, ಕೂದಲು ಮೆತ್ತಿದಂತಾಗುತ್ತದೆ. ಇದನ್ನು ಕೇಳಿ, ಜೆಪೆಗ್ ಚಿತ್ರವನ್ನು ನೋಡಿದರೇ ಸವೆಯುತ್ತದೆಂದು ಹೆದರುವವರೂ ಇದ್ದಾರೆ. ಆ ಹೆದರಿಕೆ ಬೇಡ. ತೆರೆದು ನೋಡಿ ಮುಚ್ಚುವುದರಿಂದಾಗಲಿ, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ನಕಲು ಮಾಡುವುದರಿಂದಾಗಲಿ ಏನೂ ಕಳೆಯುವುದಿಲ್ಲ. ಹೊಸದಾಗಿ ಬರೆಯುವಾಗ ಮಾತ್ರ ಕಳೆಯುತ್ತದೆ.

ಯಾವ ಊರಿಗೆ ಯಾವ ಉಡುಪು

ಎಕ್ಸ್‌ಪೋರ್ಟ್ ಒತ್ತಿದೊಡನೆ ತಂತ್ರಾಂಶ ಹಲವು ಪ್ರಶ್ನೆಗಳನ್ನು ಕೇಳುತ್ತದೆ. ಅವಕ್ಕೆ ಉತ್ತರ ಹೇಳುವ ಮೊದಲು ಚಿತ್ರ ಹೋಗುವುದೆಲ್ಲಿಗೆ ಎಂದು ನಿಶ್ಚಯಿಸಿಕೊಂಡರೆ ಕೆಲಸ ಸುಲಭ.

ಮೊದಲ ಪ್ರಶ್ನೆ ರೂಪದ್ದು. ಮನುಷ್ಯರು, ಮರಗಿಡಗಳು, ಉತ್ಸವಗಳ ಛಾಯಾಚಿತ್ರಕ್ಕೆ ಜೆಪೆಗ್ ತಕ್ಕದ್ದು. ಅಕ್ಷರಗಳು, ಗೆರೆಗಳು, ಸಪಾಟಾದ ಬಣ್ಣಗಳು ಇರುವ ಚಿತ್ರಕ್ಕೆ ಪಿಎನ್‌ಜಿ ಮೇಲು. 1996ರಲ್ಲಿ ಮನ್ನಣೆ ಪಡೆದ ಈ ರೂಪ ಲೆಕ್ಕವನ್ನು ಕಿರಿದು ಮಾಡಿದರೂ ಒಂದು ಬಿಂದುವನ್ನೂ ಬದಲಿಸುವುದಿಲ್ಲ. ಮನೆಯಲ್ಲಿಯೇ ಮದುವೆಯ ಕರೆಯೋಲೆಯನ್ನು ಸಿದ್ಧಪಡಿಸಿ ಕಳಿಸುವವರು ಇದನ್ನು ಪರೀಕ್ಷಿಸಿ ನೋಡಬಹುದು. ಜೆಪೆಗ್ ಆಗಿ ಬಿಗಿಯಾಗಿ ಕುಗ್ಗಿಸಿದ ಓಲೆಯಲ್ಲಿ ಕನ್ನಡದ ಒತ್ತಕ್ಷರಗಳ ಸುತ್ತ ಧೂಳು ಕವಿದಂತೆ ಕಾಣುತ್ತದೆ, ಪಿಎನ್‌ಜಿಯಲ್ಲಿ ಅಚ್ಚುಕಟ್ಟಾಗಿರುತ್ತದೆ. ಚಿತ್ರದ ಹಿನ್ನೆಲೆ ಪಾರದರ್ಶಕವಾಗಿರಬೇಕಾದರೂ ಪಿಎನ್‌ಜಿಯೇ ಗತಿ; ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಎಡೆಯಿಲ್ಲ. ಹಳೆಯ ಫೋಟೋಗಳ ಸ್ಕ್ಯಾನನ್ನು ಮೂಲವಾಗಿ ಇಡಲು 1986ರಷ್ಟು ಹಳೆಯದಾದ ಟಿಫ್ ಎಂಬ ರೂಪ ಇಂದಿಗೂ ನೆಚ್ಚಿಕೆಯದು. ಒಂದು ಮಾತನ್ನು ಮಾತ್ರ ಮರೆಯಬಾರದು. ಸವೆದ ಜೆಪೆಗ್ ಚಿತ್ರವನ್ನು ಪಿಎನ್‌ಜಿಯಾಗಿ ಬದಲಿಸಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಹೋದದ್ದು ಹಿಂದಿರುಗುವುದಿಲ್ಲ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದಿದಷ್ಟರಿಂದ ರೂಪ ಬದಲಾಗುವುದೂ ಇಲ್ಲ.

ಎರಡನೆಯ ಪ್ರಶ್ನೆ ಅಳತೆಯದು. ಕೈಯಲ್ಲಿ ಹಿಡಿದು ನೋಡುವ ಅಚ್ಚಿಗೆ ಅಂಗುಲಕ್ಕೆ 300 ಬಿಂದುಗಳೆಂಬುದು ವಾಡಿಕೆ. 6 ಅಂಗುಲಕ್ಕೆ 4 ಅಂಗುಲದ ಪ್ರತಿಗೆ 1,800ಕ್ಕೆ 1,200 ಬಿಂದುಗಳು ಬೇಕು. ದೂರದಿಂದ ನೋಡುವ ಗೋಡೆಯ ಪಟಕ್ಕೆ 200 ಆದರೂ ನಡೆಯುತ್ತದೆ. ಆ ಮನೆಯ ಮೊದಲಿನ ಸ್ಕ್ಯಾನು ಉಳಿದಿದ್ದರೆ 18 ಅಂಗುಲದ ಪಟಕ್ಕೆ ಸರಿಯಾಗಿ ಅಂಗುಲಕ್ಕೆ 200 ಬಿಂದುಗಳು ಸಿಗುತ್ತಿದ್ದವು. ಉಳಿದದ್ದರಲ್ಲಿ ಸಿಕ್ಕಿದ್ದು 44. ಪರದೆಯ ಮೇಲೆ ಎರಡೂ ಒಂದೇ ರೀತಿ ಅಂದವಾಗಿ ಕಂಡದ್ದರಿಂದ ಆತನಿಗೆ ಸುಳಿವು ಹತ್ತಲಿಲ್ಲ. ಫೋನಿನ ಪುಟ್ಟ ಪರದೆ ಎಲ್ಲರನ್ನೂ ಹೀಗೆಯೇ ಮೋಸಗೊಳಿಸುತ್ತದೆ.

ಮೂರನೆಯದು ಗುಣಮಟ್ಟದ ಸಂಖ್ಯೆ. ಅನೇಕ ತಂತ್ರಾಂಶಗಳಲ್ಲಿ ಇದು 0ಯಿಂದ 100ರವರೆಗೆ ಇರುತ್ತದೆ. ಫೋಟೋಶಾಪಿನ ಒಂದು ಕಿಟಕಿಯಲ್ಲಿ 0ಯಿಂದ 12ರವರೆಗೆ. ಇದನ್ನು ಪರೀಕ್ಷೆಯ ಅಂಕಗಳಂತೆ ತಿಳಿಯುವುದು ತಪ್ಪು. ಪೈಸೆಗಳನ್ನು ಎಷ್ಟು ಕಟ್ಟುನಿಟ್ಟಾಗಿ ಬಿಡಬೇಕೆಂಬ ಸೂಚನೆ ಅದು. ಒಂದರಲ್ಲಿನ 90 ಇನ್ನೊಂದರಲ್ಲಿನ 90ಕ್ಕೆ ಸಮವೆಂಬ ನಿಯಮವಿಲ್ಲ. ಅಚ್ಚಿಗೆ ಹೋಗುವುದಕ್ಕೆ 90ರ ಆಸುಪಾಸು, ಬಂಧುಗಳಿಗೆ ಕಳಿಸುವುದಕ್ಕೆ 80ರ ಆಸುಪಾಸು ಇಟ್ಟುಕೊಂಡರೆ ಸಾಮಾನ್ಯವಾಗಿ ಕೆಡುಕಿಲ್ಲ. ಪರೀಕ್ಷೆಯ ಅಥವಾ ಕೆಲಸದ ಅರ್ಜಿಯೊಡನೆ ಇಂತಿಷ್ಟು ಕಿಲೋಬೈಟಿಗೆ ಮೀರದ ಭಾವಚಿತ್ರವನ್ನು ಕೇಳಿದಾಗ ಮೊದಲು ಅಳತೆಯನ್ನು ತಗ್ಗಿಸಿ, ಸಾಲದಿದ್ದರೆ ಮಾತ್ರ ಈ ಸಂಖ್ಯೆಯನ್ನು ಇಳಿಸಬೇಕು. ಅದೂ ಪ್ರತಿಯ ಮೇಲೆ. ಅರ್ಜಿಯ ಅವಸರದಲ್ಲಿ ಮಗಳ ಒಳ್ಳೆಯ ಭಾವಚಿತ್ರವನ್ನೇ 50 ಕಿಲೋಬೈಟಿಗೆ ಇಳಿಸಿ ಅದರ ಮೇಲೆಯೇ ಉಳಿಸಿದ ತಂದೆಗೆ ಅದು ಎರಡನೆಯ ಸಲ ದೊರೆಯದು.

ನಾಲ್ಕನೆಯದು ಬಣ್ಣದ್ದು. ಕಂಪ್ಯೂಟರಿನಲ್ಲಿ ಕೆಂಪೆಂದರೆ ಎಂಥ ಕೆಂಪು ಎಂಬುದಕ್ಕೆ ಒಂದು ಒಪ್ಪಂದ ಬೇಕು. 1996ರಲ್ಲಿ ಗೊತ್ತಾದ ಎಸ್‌ಆರ್‌ಜಿಬಿ ಎಂಬ ಒಪ್ಪಂದವನ್ನು ಪರದೆಗಳೆಲ್ಲ ಬಲ್ಲವು. ಛಾಯಾಗ್ರಾಹಕರಲ್ಲಿ ಕೆಲವರು ಅದಕ್ಕಿಂತ ವಿಶಾಲವಾದ, 1998ರ ಅಡೋಬಿ ಆರ್‌ಜಿಬಿಯಲ್ಲಿ ಕೆಲಸ ಮಾಡುವುದುಂಟು. ಆ ಒಪ್ಪಂದದಲ್ಲಿಯೇ ಹೊರಕಳಿಸಿದ ಚಿತ್ರ ಅದನ್ನರಿಯದ ತಂತ್ರಾಂಶದಲ್ಲಿ ಪೇಲವವಾಗಿ ಕಾಣುತ್ತದೆ. ಧಾರೆಯ ಸೀರೆಯ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತೆಂದು ಕ್ಯಾಮರಾವನ್ನು ದೂಷಿಸುವ ಮೊದಲು ಇದನ್ನು ನೋಡಬೇಕು. ಕಳಿಸುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸುವ ಗುರುತು ಎಕ್ಸ್‌ಪೋರ್ಟಿನ ಕಿಟಕಿಯಲ್ಲಿಯೇ ಸಾಮಾನ್ಯವಾಗಿ ಇರುತ್ತದೆ.

ಚಿತ್ರದ ಬೆನ್ನಿನ ಬರಹ

ಹಿಂದೆ ಫೋಟೋದ ಬೆನ್ನಿನ ಮೇಲೆ ಹಿರಿಯರು ಊರು, ತಾರೀಖು ಬರೆದಿಡುತ್ತಿದ್ದರು. ಇಂದಿನ ಚಿತ್ರದ ಫೈಲಿನಲ್ಲಿಯೂ ಅಂಥ ಬರಹವಿದೆ. ಯಾವ ದಿನ, ಯಾವ ಗಳಿಗೆ, ಯಾವ ಕ್ಯಾಮರಾ ಎಂಬುದನ್ನೆಲ್ಲ ಕ್ಯಾಮರಾವೇ ಬರೆದುಬಿಡುತ್ತದೆ. ಫೋನಿನಲ್ಲಿ ಸ್ಥಳ ಗುರುತಿಸಲು ಅನುಮತಿ ಕೊಟ್ಟಿದ್ದರೆ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಅಲ್ಲಿರುತ್ತವೆ. ಮನೆಯ ಅಂಗಳದಲ್ಲಿ ಆಡುತ್ತಿರುವ ಮಗುವಿನ ಚಿತ್ರ ಮನೆಯ ವಿಳಾಸವನ್ನೂ ಹೊತ್ತು ಹೊರಡುತ್ತದೆಂದರೆ ಅದನ್ನು ತಾಯ್ತಂದೆಯರು ತಿಳಿದಿರಬೇಡವೇ? ಹೊರಕಳಿಸುವಾಗ ಈ ಬರಹವನ್ನು ಸೇರಿಸಬೇಕೆ ಬಿಡಬೇಕೆ ಎಂದು ತಂತ್ರಾಂಶ ಕೇಳುತ್ತದೆ. ಅಪರಿಚಿತರ ಕಣ್ಣಿಗೆ ಬೀಳುವ ಪ್ರತಿಯಲ್ಲಿ ಬಿಡುವುದು ಜಾಣತನ. ಮೂಲದಲ್ಲಿ ಉಳಿಸುವುದು ಅಷ್ಟೇ ಜಾಣತನ. ಐವತ್ತು ವರ್ಷಗಳ ಬಳಿಕ ಆ ಅಂಗಳ ಯಾವುದೆಂದು ಹೇಳಲು ಬೇರೆ ಯಾರೂ ಇರಲಾರರು.

ಮೂಲವನ್ನು ಮರೆತು ಪ್ರತಿಗಳನ್ನು ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಫೋಟೋಶಾಪಿನ ಹುಟ್ಟಿನ ಕಾಲದ ಒಂದು ಚಿತ್ರವೇ ನಿದರ್ಶನ. ಥಾಮಸ್ ನೋಲ್, ಜಾನ್ ನೋಲ್ ಎಂಬ ಸೋದರರು ರಚಿಸಿದ ಆ ತಂತ್ರಾಂಶ 1990ರಲ್ಲಿ ಮಾರಾಟಕ್ಕೆ ಬಂತು. ಅದಕ್ಕೂ ಮೊದಲು, ತಂತ್ರಾಂಶದ ಶಕ್ತಿಯನ್ನು ತೋರಿಸಲು ಜಾನ್ ನೋಲ್ ಅವರು ಶಾಂತಸಾಗರದ ಬೋರಾ ಬೋರಾ ದ್ವೀಪದ ತೀರದಲ್ಲಿ ತಮ್ಮ ಭಾವಿ ಪತ್ನಿ ಕುಳಿತಿದ್ದ ಚಿತ್ರವೊಂದನ್ನು ಬಳಸುತ್ತಿದ್ದರು. 'ಜೆನ್ನಿಫರ್ ಇನ್ ಪ್ಯಾರಡೈಸ್' ಎಂದು ಅದರ ಹೆಸರು. ನೋಡಿದವರೆಲ್ಲ ಅದನ್ನು ತಿದ್ದಿದರು, ಕತ್ತರಿಸಿದರು, ನಕಲಿಸಿದರು. ಮುಂದೆ 2013ರಲ್ಲಿ ಡಚ್ ಕಲಾವಿದ ಕಾನ್ಸ್ಟಂಟ್ ಡುಲ್ಲಾರ್ಟ್ ಅವರಿಗೆ ಆ ಚಿತ್ರ ಬೇಕಾದಾಗ, ಹಳೆಯ ಪ್ರಾತ್ಯಕ್ಷಿಕೆಯನ್ನು ತೋರಿಸುವ ವೀಡಿಯೋದ ತುಣುಕುಗಳಿಂದ ಅದನ್ನು ಜೋಡಿಸಿ ಮತ್ತೆ ಕಟ್ಟಬೇಕಾಯಿತು. ಒಂದು ಕಾಲಕ್ಕೆ ಅಷ್ಟು ಕೈಗಳಲ್ಲಿ ಹಾದುಹೋದ ಚಿತ್ರ!

ಮೊದಲು ಉಳಿಸಿ, ಆಮೇಲೆ ಕಳಿಸುವುದು

ಮನೆಮನೆಯಲ್ಲಿ ಅನುಸರಿಸಬಹುದಾದ ಕ್ರಮ ಸರಳವಾದದ್ದು. ಸ್ಕ್ಯಾನು ಅಥವಾ ಕ್ಯಾಮರಾದಿಂದ ಬಂದ ಫೈಲನ್ನು 'ಮೂಲ' ಎಂಬ ಫೋಲ್ಡರಿನಲ್ಲಿಟ್ಟು ಅದನ್ನು ತಿದ್ದಲು ಹೋಗಬಾರದು. ಅದರ ನಕಲೊಂದನ್ನು ತೆರೆದು ಕೆಲಸ ಮಾಡಿ, ಪದರಗಳೊಡನೆ ತಂತ್ರಾಂಶದ ಸ್ವಂತ ರೂಪದಲ್ಲಿ ಉಳಿಸಬೇಕು. ಕಳಿಸುವ ಪ್ರತಿಗಳನ್ನು ಬೇರೊಂದು ಫೋಲ್ಡರಿನಲ್ಲಿ, ಹೋಗುವ ಜಾಗವನ್ನು ಹೇಳುವ ಹೆಸರಿನಿಂದ ಇಡಬೇಕು: 'ಅಜ್ಜಅಜ್ಜಿ-ಗೋಡೆಗೆ', 'ಅಜ್ಜಅಜ್ಜಿ-ವಾಟ್ಸ್ಯಾಪಿಗೆ' ಎಂಬಂತೆ. ಪ್ರತಿಯಲ್ಲಿ ತಪ್ಪು ಕಂಡರೆ ಅದನ್ನು ತಿದ್ದದೆ, ಮೂಲಕ್ಕೆ ಹಿಂದಿರುಗಿ ತಿದ್ದಿ ಹೊಸ ಪ್ರತಿ ಮಾಡಬೇಕು. ಮೂಲದ ಫೋಲ್ಡರು ಒಂದೇ ಯಂತ್ರದಲ್ಲಿದ್ದರೆ ಸಾಲದು. ಮತ್ತೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಮತ್ತೊಂದು ಮನೆಯಲ್ಲಿ ಇರಬೇಕು. ವಾಟ್ಸ್ಯಾಪಿನಲ್ಲಿ ಫೋಟೋವಾಗಿ ಕಳಿಸಿದ್ದನ್ನು ಅದು ತನ್ನ ಲೆಕ್ಕಕ್ಕೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಮುಟ್ಟಿಸುತ್ತದೆ. ಸೋದರತ್ತೆಗೆ ಅಂದು ಮೂಲವನ್ನು ಡಾಕ್ಯುಮೆಂಟಾಗಿ ಕಳಿಸಿದ್ದರೆ ಅವರ ಮನೆಯೇ ಇನ್ನೊಂದು ಪೆಟ್ಟಿಗೆಯಾಗುತ್ತಿತ್ತು.

ಆ ಮನೆಯಲ್ಲಿ ಕೊನೆಗೆ ಸ್ಟುಡಿಯೋದವರು ಇದ್ದುದರಲ್ಲಿಯೇ ಒಂದು ದಾರಿ ಹುಡುಕಿಕೊಟ್ಟರು. 800 ಬಿಂದುಗಳನ್ನು ಅಂಗುಲಕ್ಕೆ 200ರಂತೆ ಅಚ್ಚು ಹಾಕಿದರು. ನಾಲ್ಕು ಅಂಗುಲ ಅಗಲದ ಚಿತ್ರ ಬಂತು. ಅಜ್ಜಿಗೆ ಎಂಬತ್ತು ತುಂಬಿದ ದಿನ ಅದು ಗೋಡೆಗೇರಲಿಲ್ಲ. ಅವರ ಮಂಚದ ಪಕ್ಕದ ಮೇಜಿನ ಮೇಲೆ ಕುಳಿತಿತು. ಮೊಮ್ಮಗನ ಕಂಪ್ಯೂಟರಿನಲ್ಲಿ ಈಗ 'ಮೂಲ' ಎಂಬ ಫೋಲ್ಡರು ಇದೆ. ಮನೆಯ ಉಳಿದ ಹಳೆಯ ಫೋಟೋಗಳೆಲ್ಲ ಒಂದೊಂದಾಗಿ ಅದರೊಳಗೆ ಸೇರುತ್ತಿವೆ. ಅಜ್ಜಿ ಅವನನ್ನು ಒಂದು ಮಾತೂ ಅನ್ನಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕವನ್ನು ಸರಿಪಡಿಸಿಕೊಂಡು, ಆ ಪುಟ್ಟ ಚೌಕಟ್ಟನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡುತ್ತಾರೆ.